ಮೂಳೆಗೆ ಬಿಸಿ ಆಗದು

ನಮ್ಮಲ್ಲಿಗೆ ಲೇತ್ (ಕಡೆಯುವ ಯಂತ್ರ) ಕೆಲಸ ಕಲಿಯಲಿಕ್ಕೆ ಬರುವ ಹುಡುಗರು ಮರದ ಪೆನ್ನು ಕಡೆಯುವುದರಲ್ಲಿ ಕೈ ಕುದುರಿದ ಕೂಡಲೇ ಪೆನ್ನು ಮಾಡಲಿಕ್ಕೆ ಮೂಳೆ ಕೇಳುತ್ತಾರೆ. ಕೊಡುತ್ತೇನೆ. ಆದರೆ ಮರದ ಅವಸರ ಇಲ್ಲಿ ನಡೆಯುವುದಿಲ್ಲ. ಮೂಳೆ ಕೆಡುವುದು ಹೆಚ್ಚಾಗಿ ಬಿಸಿಯಿಂದಲೇ.

ಅದು ಒಲೆಯಲ್ಲೇ ಶುರುವಾಗುತ್ತದೆ. ನಾನು ಬಳಸುವುದು ಎಮ್ಮೆಯ ಕಾಲಿನ ಮೂಳೆ. ಹಸಿ ಮೂಳೆ ಸಿಕ್ಕಿದರೆ ಎಲ್ಲರಿಗೂ ಮೊದಲು ಹೊಳೆಯುವುದು ಕುದಿಸುವುದು. ಗಳಗಳ ಕುದಿಸಿದರೆ ಕೊಬ್ಬು ಒಳಗಿನ ಸೂಕ್ಷ್ಮ ನಾಳಗಳಿಗೇ ಇಳಿದು, ಮುಂದೊಂದು ದಿನ ಹಳದಿ ಕಲೆಯಾಗಿ ಮೇಲೆ ಬರುತ್ತದೆ. ಇನ್ನೊಂದು ನಷ್ಟ ಅದಕ್ಕಿಂತ ದೊಡ್ಡದು. ಮೂಳೆಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖನಿಜ. ಉಳಿದದ್ದರಲ್ಲಿ ಮುಖ್ಯವಾದದ್ದು ಕೊಲಾಜೆನ್ ಎಂಬ ಪ್ರೋಟೀನ್. ಗಟ್ಟಿತನ ಕೊಡುವುದು ಖನಿಜ, ಪೆಟ್ಟು ತಾಳುವ ಶಕ್ತಿ ಕೊಡುವುದು ಕೊಲಾಜೆನ್. ಕುದಿಸಿದಷ್ಟೂ ಅದು ನೀರಿಗೆ ಹೋಗುತ್ತದೆ, ಕಾಲು ಸೂಪು ಆರಿದ ಮೇಲೆ ಅಂಟಂಟಾಗುವುದು ಅದರಿಂದಲೇ. ಹಾಗಾಗಿ ಮಜ್ಜೆ ತೆಗೆದು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ವಾರಗಟ್ಟಲೆ ನೆನೆಸಿ, ನೀರು ಬದಲಿಸುತ್ತಾ ಇರಬೇಕು. ಬಿಳುಪಿಗೆ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಬ್ಲೀಚಿಂಗ್ ಪೌಡರ್ ಬೇಡವೇ ಬೇಡ.

ಮಂಗಳೂರಿನ ಆಟಿ ಮಳೆಯಲ್ಲಿ ಮೂಳೆ ಒಣಗಿದ ಹಾಗೆ ಕಾಣುತ್ತದೆ ಅಷ್ಟೆ. ಪೆನ್ನು ಮಾಡುವುದೆಂದರೆ ಮೂಳೆಯಲ್ಲಿ ತೂತು ಕೊರೆದು ಒಳಗೆ ಹಿತ್ತಾಳೆ ಟ್ಯೂಬ್ ಅಂಟಿಸುವುದು. ಮಳೆಯಲ್ಲಿ ಹಾಗೆ ಅಂಟಿಸಿದ ಪೆನ್ನು ಬೆಂಗಳೂರಿನ ಏಸಿ ಕೋಣೆ ಸೇರಿದರೆ ಮೂಳೆ ಕುಗ್ಗುತ್ತದೆ, ಒಳಗಿನ ಹಿತ್ತಾಳೆ ಟ್ಯೂಬ್ ಕುಗ್ಗುವುದಿಲ್ಲ, ಉದ್ದಕ್ಕೆ ಬಿರುಕು. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಟ್ಟು, ವಾರ ಬಿಟ್ಟು ತೂಗಿದಾಗ ತೂಕ ಇಳಿಯದೆ ನಿಂತಿದ್ದರೆ ಮಾತ್ರ ಮುಂದಿನ ಕೆಲಸ.

ಕಷ್ಟದ್ದು ಡ್ರಿಲ್ಲಿಂಗ್. ಕಾಲಿನ ಮೂಳೆಯ ಗೋಡೆ ಒಂದು ಸೆಂಟಿಮೀಟರ್ ಆಸುಪಾಸು ದಪ್ಪ. ಅದರೊಳಗೆ 7 ಮಿಲಿಮೀಟರ್ ತೂತು ಹೋಗಬೇಕು. ಎರಡೂ ಬದಿ ಉಳಿಯುವುದೆಷ್ಟು ಎಂದು ನೀವೇ ಲೆಕ್ಕ ಹಾಕಿ! ಬಿಟ್ ಹರಿತವಿರಬೇಕು, ವೇಗ ಕಡಿಮೆ ಇರಬೇಕು, ಸ್ವಲ್ಪ ಒಳಗೆ ಹೋದ ಕೂಡಲೇ ಹೊರಗೆಳೆದು ಪುಡಿ ಝಾಡಿಸಬೇಕು. ಕೂದಲು ಸುಟ್ಟ ವಾಸನೆ ಬಂತೋ, ಅಲ್ಲೇ ನಿಲ್ಲಿಸಿ. ಬರುವ ಪುಡಿ ಬೆಳ್ಳಗಿರಬೇಕು. ಕಂದು ಬಣ್ಣಕ್ಕೆ ತಿರುಗಿದರೆ ತೂತಿನ ಒಳಮೈ ಸುಟ್ಟಿದೆ ಎಂದೇ ಅರ್ಥ. ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಎನ್‌95 ಮಾಸ್ಕ್ ಹಾಕದವರಿಗೆ ನಾನು ಲೇತ್ ಮುಟ್ಟಲಿಕ್ಕೆ ಬಿಡುವುದಿಲ್ಲ. ಅಂಟು ಹಾಕುವ ಮೊದಲು ಟ್ಯೂಬಿಗೆ ಬಿಳಿ ಬಣ್ಣ ಬಳಿಯಿರಿ, ಇಲ್ಲದಿದ್ದರೆ ತೆಳುವಾದ ಮೂಳೆಯ ಒಳಗಿಂದ ಹಿತ್ತಾಳೆ ಇಣುಕುತ್ತದೆ.

ವಾಟರ್ ಪೇಪರಿನಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ) ನಿಧಾನಕ್ಕೆ ಉಜ್ಜಿ ಪಾಲಿಶ್ ಮಾಡಿದ ಮೂಳೆ ಎಷ್ಟು ಚಂದ ಬರುತ್ತದೆಂದರೆ, ನೋಡಿದವರು ಕೇಳುವುದೇ ಹೀಗೆ: "ಇದು ಆನೆ ದಂತದ್ದಾ ಮಾರಾಯ್ರೆ?"

"ಅಲ್ಲ, ಎಮ್ಮೆ ಮೂಳೆ. ಇದರಲ್ಲಿ ನೋಡಿ," ಎಂದು ಭೂತಗನ್ನಡಿ ಕೊಡುತ್ತೇನೆ. ಮೂಳೆಯಲ್ಲಿ ರಕ್ತನಾಳ ಹಾದುಹೋದ ದಾರಿಗಳು ಸಣ್ಣ ಕಪ್ಪು ಗೀಟುಗಳಾಗಿ ಕಾಣುತ್ತವೆ, ಅಡ್ಡ ಕೊಯ್ದ ತುದಿಯಲ್ಲಿ ಚುಕ್ಕೆಗಳಾಗಿ. ದಂತದ ಅಡ್ಡಕೊಯ್ತದಲ್ಲಿ ಇರುವುದು ಒಂದರ ಮೇಲೊಂದು ಹಾಯುವ ಬಾಗಿದ ಗೆರೆಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ದಂತದ ವ್ಯಾಪಾರ ಅಪರಾಧ. ಜಿಂಕೆ ಕೊಂಬು ತಂದು ಪೆನ್ನು ಮಾಡಿಕೊಡಿ ಎನ್ನುವವರೂ ಇದ್ದಾರೆ. ಕಾಡಲ್ಲಿ ತಾನಾಗಿ ಉದುರಿದ್ದಾದರೂ ನಾನು ಮುಟ್ಟುವುದಿಲ್ಲ.

ಉಡುಪಿ ಕಡೆಯವರು ಉಪನಯನಕ್ಕೆ, ಮೇಷ್ಟ್ರಿಗೆ ಕೊಡಲಿಕ್ಕೆ ಎಂದು ಪೆನ್ನು ಕೇಳಿದರೆ ಕೈಗೆ ಕೊಡುವ ಮೊದಲೇ ಮೂಳೆ ಎಂದು ಹೇಳುತ್ತೇನೆ. ಬೇಡ ಅಂದವರಿಗೆ ತೆಂಗಿನ ಗೆರಟೆಯ ಚೂರುಗಳನ್ನು ರೆಸಿನ್‌ನಲ್ಲಿ ಕೂರಿಸಿ ಕಡೆದ ಪೆನ್ನು ಇದೆ.