ಗೋವಾಕ್ಕಾಗಿ ಜಗಳವಾಡಿ ಕೋಟ್ಟಯಂ ಸೇರಿದ ಬ್ರಹ್ಮಾವರದ ಇಗರ್ಜಿ

ಬ್ರಹ್ಮಾವರಕ್ಕೆ ಹೋದದ್ದು ಭತ್ತ ನೋಡಲು. ಅಲ್ಲಿನ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದವರು ‘ಸಹ್ಯಾದ್ರಿ ಪಂಚಮುಖಿ’ ಎಂಬ ಕೆಂಪಕ್ಕಿ ತಳಿ ಹೊರತಂದಿದ್ದಾರೆ. ತಗ್ಗಿನ ಗದ್ದೆಯಲ್ಲಿ ನೆರೆ ನೀರು ನಿಂತರೂ ತಾಳಿಕೊಳ್ಳುತ್ತದೆ ಎಂದು ಕೇಳಿದ್ದೆ. ಅದನ್ನು ಗದ್ದೆಯಲ್ಲೇ ನೋಡುವ ಆಸೆ ಇತ್ತು. ನೋಡಿದೆ, ಖುಷಿಯಾಯಿತು. ಆದರೆ ಆ ಊರಿನಿಂದ ಬಂದಮೇಲೆ ತಲೆಯಲ್ಲಿ ಉಳಿದದ್ದು ಭತ್ತವಲ್ಲ, ಒಂದು ಇಗರ್ಜಿ, ಅಂದರೆ ಚರ್ಚು.

ಮೊದಲು ಬಸ್ಸಿನ ವಿಷಯ ಹೇಳಿಬಿಡುತ್ತೇನೆ, ಇನ್ನೂ ಸಿಟ್ಟು ಇಳಿದಿಲ್ಲ. ಉಡುಪಿಯಲ್ಲಿ ಕುಂದಾಪುರದ ಕಡೆಯ ಎಕ್ಸ್‌ಪ್ರೆಸ್ ಬಸ್ ಹತ್ತಿದೆ. ಕಂಡಕ್ಟರ್ ಬ್ರಹ್ಮಾವರಕ್ಕೆ ಟಿಕೆಟ್ಟನ್ನೂ ಕೊಟ್ಟ. ಬ್ರಹ್ಮಾವರ ಬಂತು, ಬಸ್ ನಿಲ್ಲಲಿಲ್ಲ. ನಾನು ಕೂಗಿದೆ, ಹಿಂದಿನ ಸೀಟಿನ ಅಮ್ಮ ನನಗಿಂತ ಜೋರಾಗಿ ಕೂಗಿದರು. ಸೀತಾ ನದಿಯ ಸೇತುವೆ ದಾಟಿ ಮಾಬುಕಳದಾಚೆ ನಮ್ಮಿಬ್ಬರನ್ನೂ ಇಳಿಸಿ ಹೋದ. ಅಮ್ಮನ ಕೈಯಲ್ಲಿ ಎರಡು ಭಾರದ ಚೀಲ. ಆ ಬಿಸಿಲಲ್ಲಿ ಹೆದ್ದಾರಿ ದಾಟುವುದು ಹುಡುಗಾಟವಲ್ಲ, ಅಲ್ವಾ? ನೀವು ಹೋಗುವುದಾದರೆ ಉಡುಪಿಯಿಂದ ಲೋಕಲ್ ಬಸ್ಸನ್ನೇ ಹಿಡಿಯಿರಿ. ಹದಿಮೂರು ಕಿಲೋಮೀಟರಿಗೆ ಹತ್ತು ನಿಮಿಷ ಜಾಸ್ತಿ ಆಗುತ್ತದೆ, ಅಷ್ಟೇ. ದಾರಿಯಲ್ಲಿ ಕಲ್ಯಾಣಪುರದ ಹತ್ತಿರ ಸ್ವರ್ಣಾ ನದಿಯನ್ನು ನಿಧಾನವಾಗಿ ನೋಡಲೂ ಆಗುತ್ತದೆ.

ಕೃಷಿ ಕೇಂದ್ರದಿಂದ ಹೊರಬಂದಾಗ ಶನಿವಾರ ಸಂಜೆ. ಸುಮ್ನೆ ಊರು ಸುತ್ತೋಣ ಎಂದು ಹೊರಟೆ. ಒಂದು ಹೋಟೆಲಿನಲ್ಲಿ ಗೋಳಿಬಜೆ ತಿಂದೆ. ಬಿಸಿ ಇತ್ತು, ಒಳಗೆ ಹಸಿ ಶುಂಠಿಯ ಚೂರು ಇತ್ತು, ಬಹಳ ಚೆನ್ನಾಗಿತ್ತು. ಜೊತೆಗೆ ಕೊಟ್ಟ ಚಟ್ನಿಗೆ ಮಾತ್ರ ನೀರು ಬೆರೆಸಿ ಬೆರೆಸಿ ಕಾಯಿಯ ರುಚಿಯೇ ಉಳಿದಿರಲಿಲ್ಲ. ತೆಂಗಿನ ನಾಡಿನಲ್ಲಿ ಹೀಗೆ ಮಾಡಬಾರದು.

ಅಲ್ಲಿಂದ ನಡೆಯುತ್ತಾ ಸೇಂಟ್ ಮೇರೀಸ್ ಇಗರ್ಜಿಯ ಅಂಗಳಕ್ಕೆ ಬಂದೆ. ಫಲಕದಲ್ಲಿ ‘ಓರ್ಥೊಡೊಕ್ಸ್ ಸಿರಿಯನ್’ ಎಂದಿತ್ತು. ಅದನ್ನು ಓದಿ ನಿಂತುಬಿಟ್ಟೆ. ಸಿರಿಯನ್ ಕ್ರೈಸ್ತರು ಎಂದರೆ ಕೇರಳದವರು, ಮಲಯಾಳ ಮಾತಾಡುವವರು. ಘಟ್ಟದ ಕೆಳಗೆ ರಬ್ಬರ್ ತೋಟ ಮಾಡಿದವರ ಇಗರ್ಜಿ ಇರಬಹುದು ಎಂದುಕೊಂಡೆ. ಸ್ಮಶಾನದ ಕಡೆ ಹೋಗಿ ಕಲ್ಲುಗಳನ್ನು ಓದಿದರೆ ಡಿಸೋಜ, ಫೆರ್ನಾಂಡಿಸ್, ಲೂವಿಸ್! ಎಲ್ಲ ಗೋವಾ ಮೂಲದ ಕೊಂಕಣಿ ಮನೆತನಗಳು. ಇವರು ರೋಮಿನ ಕೆಥೋಲಿಕರಲ್ಲವೇ? ಸಿರಿಯನ್ ಹೇಗಾದರು?

ಅಲ್ಲೇ ಕಟ್ಟೆಯ ಮೇಲೆ ವಯಸ್ಸಾದವರೊಬ್ಬರು ಕೂತಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವರಂತೆ. ಹೆಸರು ಬರೆಯಬೇಡಿ ಎಂದದ್ದರಿಂದ ಮಾಸ್ಟ್ರು ಎಂದೇ ಕರೆಯುತ್ತೇನೆ.

“ಮಾಸ್ಟ್ರೇ, ನೀವು ಕೊಂಕಣಿಯವರಲ್ವಾ? ಈ ಸಿರಿಯನ್ ಎಲ್ಲಿಂದ ಬಂತು?”

ಅವರು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. “ಕೂತ್ಕೊಳ್ಳಿ ಮಾರಾಯ್ರೇ. ನಿಂತು ಕೇಳುವ ಕಥೆ ಅಲ್ಲ ಅದು. ನಾವು ಜಗಳ ಮಾಡಿದ್ದು ಗೋವಾ ಬೇಕು ಅಂತ. ಕೊನೆಗೆ ಸಿಕ್ಕಿದ್ದು ಕೋಟ್ಟಯಂ.”

ಕತ್ತಲಾಗುವ ತನಕ ಅವರು ಹೇಳುತ್ತಲೇ ಇದ್ದರು. ನಾನು ಕೇಳಿದ್ದನ್ನೂ ಆಮೇಲೆ ಓದಿಕೊಂಡದ್ದನ್ನೂ ಸೇರಿಸಿ ಬರೆಯುತ್ತೇನೆ.

ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಹೆಚ್ಚಿನವರ ಹಿರಿಯರು ಗೋವಾದಿಂದ ಬಂದವರು. ಬರುವಾಗ ತಮ್ಮ ಪಾದ್ರಿಗಳನ್ನೂ ಹಬ್ಬಗಳನ್ನೂ ತಂದರು. ಪೂರ್ವ ದೇಶಗಳ ಇಗರ್ಜಿಗಳನ್ನು ನಡೆಸುವ, ಬಿಷಪರನ್ನು ಹೆಸರಿಸುವ ಹಕ್ಕನ್ನು ಪೋಪರು ಹಿಂದೆಯೇ ಪೋರ್ಚುಗಲ್ಲಿನ ರಾಜರಿಗೆ ಕೊಟ್ಟಿದ್ದರು. ಅದಕ್ಕೆ ಪದ್ರುವಾದೊ ಎನ್ನುತ್ತಿದ್ದರು. ಪೋರ್ಚುಗಲ್ಲಿನ ಶಕ್ತಿ ಕುಂದುತ್ತಾ ಬಂದಾಗ ರೋಮ್ ತಾನೇ ನೇರವಾಗಿ ಪಾದ್ರಿಗಳನ್ನು ಕಳಿಸಲು ಶುರುಮಾಡಿತು. 1622ರಲ್ಲಿ ಅದಕ್ಕೆಂದೇ ಪ್ರೊಪಗಾಂಡಾ ಎಂಬ ಕಚೇರಿ ಹುಟ್ಟಿತು. ಹೀಗೆ ಕ್ರೈಸ್ತರಲ್ಲಿ ಎರಡು ಪಕ್ಷ. ಒಂದು ಗೋವಾದ ಮಾತು ಕೇಳುವುದು, ಇನ್ನೊಂದು ರೋಮ್ ಕಳಿಸಿದವರ ಮಾತು ಕೇಳುವುದು. ನಂಬಿಕೆ ಒಂದೇ, ಪೂಜೆ ಒಂದೇ. ಯಾರ ಕೈಕೆಳಗೆ ಎಂಬುದಕ್ಕೆ ಜಗಳ.

1886ರಲ್ಲಿ ರೋಮ್ ಮತ್ತು ಪೋರ್ಚುಗಲ್ ನಡುವೆ ಒಪ್ಪಂದವಾಯಿತು. ಕೆನರಾ ಎಂದು ಕರೆಯುತ್ತಿದ್ದ ನಮ್ಮ ಕರಾವಳಿಯ ಮೇಲೆ ಗೋವಾಕ್ಕೆ ಇದ್ದ ಅಧಿಕಾರ ಮುಗಿಯಿತು. ಅದೇ ವರ್ಷ ಮಂಗಳೂರು ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪರ ಆಡಳಿತದ ಸೀಮೆ, ಹುಟ್ಟಿತು, ಇಲ್ಲಿನವರೆಲ್ಲ ಅದಕ್ಕೆ ಸೇರಬೇಕು ಎಂದಾಯಿತು.

“ನಮ್ಮನ್ನು ಯಾರೂ ಕೇಳ್ಲಿಲ್ಲ,” ಎಂದರು ಮಾಸ್ಟ್ರು. ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಮಾತು. ಆದರೂ ಅವರ ಧ್ವನಿಯಲ್ಲಿ ನಿನ್ನೆಯ ಬೇಸರವಿತ್ತು. “ರೋಮಿನಲ್ಲಿ ಕಾಗದಕ್ಕೆ ಸಹಿ ಹಾಕಿದ್ರು. ಇಲ್ಲಿ ಗದ್ದೆ ಉಳುವವನಿಗೆ, ನಾಳೆಯಿಂದ ನಿನ್ನ ಬಿಷಪ್ ಬೇರೆ ಅಂದ್ರು. ಅವನು ಒಪ್ಪಬೇಕಾ?”

ಕಲ್ಯಾಣಪುರ, ಬ್ರಹ್ಮಾವರ ಸೀಮೆಯ ನೂರಾರು ಕುಟುಂಬಗಳು ಒಪ್ಪಲಿಲ್ಲ. ಅವರ ಮುಂದೆ ನಿಂತವರು ಇಬ್ಬರು ಪಾದ್ರಿಗಳು. ಒಬ್ಬರು ರೋಕ್ ಜೆಫ್ರಿನ್ ನೊರೊನ್ಹಾ. ಇನ್ನೊಬ್ಬರು ಗೋವಾದ ವೆರ್ಣಾದವರಾದ ಅಂತೋನಿಯೊ ಫ್ರಾನ್ಸಿಸ್ಕೊ ಜೇವಿಯರ್ ಅಲ್ವಾರಿಸ್. ಈ ಅಲ್ವಾರಿಸರ ಬಗ್ಗೆ ಕೇಳಿದಷ್ಟೂ ನನಗೆ ಆಸೆ ಹೆಚ್ಚಾಯಿತು. 1836ರಲ್ಲಿ ಹುಟ್ಟಿದವರು. ಪಣಜಿಯಲ್ಲಿ ಬಡವರ ನಡುವೆ ಕೆಲಸ ಮಾಡಿದರು. ಪತ್ರಿಕೆ ನಡೆಸಿ ಪೋರ್ಚುಗೀಸ್ ಸರ್ಕಾರವನ್ನೂ ಇಗರ್ಜಿಯ ದೊಡ್ಡವರನ್ನೂ ನೇರವಾಗಿ ಟೀಕಿಸಿದರು. ಕಾಲರಾ ಬಂದಾಗ ಏನು ಮಾಡಬೇಕೆಂದು ಪುಸ್ತಿಕೆ ಬರೆದರು. ಬರಗಾಲದಲ್ಲಿ ಬಡವರ ಹೊಟ್ಟೆ ತುಂಬಲಿ ಎಂದು ಮರಗೆಣಸು ಬೆಳೆಯಿರಿ ಎಂದು ಜನರಿಗೆ ಹೇಳುತ್ತಾ ತಿರುಗಿದರು. ನಾನು ಭತ್ತ ನೋಡಲು ಹೋದವನು. ಗೆಣಸು ನೆಡಿ ಎನ್ನುವ ಪಾದ್ರಿ ನನಗೆ ಇಷ್ಟವಾಗದೆ ಇರುತ್ತಾರೆಯೇ?

ಗೋವಾದ ಇಗರ್ಜಿ ಅಲ್ವಾರಿಸರನ್ನು ದೂರವಿಟ್ಟಿತು. ರೋಮಿನ ಕಡೆ ಹೋಗಲು ಅವರಿಗೆ ಮನಸ್ಸಿಲ್ಲ. ಬಿಷಪರಿಲ್ಲದೆ ಇಗರ್ಜಿ ನಡೆಯುವುದಿಲ್ಲ. ಆಗ ಅವರ ಕಣ್ಣು ಹೋದದ್ದು ಕೇರಳದ ಮಲಂಕರ ಸಿರಿಯನ್ ಸಭೆಯ ಕಡೆಗೆ. ರೋಮಿಗೂ ಸೇರದ, ಪೋರ್ಚುಗಲ್ಲಿಗೂ ಬಗ್ಗದ ಹಳೆಯ ಸಭೆ ಅದು. ಸಿರಿಯನ್ ಸಭೆಯ ಹಿರಿಯ ಗುರುಗಳಾದ ಅಂತಿಯೋಕದ ಪೇಟ್ರಿಯಾರ್ಕರ ಒಪ್ಪಿಗೆ ಪಡೆದು, 1889ರ ಜುಲೈಯಲ್ಲಿ ಕೋಟ್ಟಯಂನಲ್ಲಿ ಅಲ್ವಾರಿಸರಿಗೆ ಬಿಷಪ್ ದೀಕ್ಷೆ ಕೊಟ್ಟರು. ಮಾರ್ ಜೂಲಿಯಸ್ ಎಂದು ಹೆಸರಿಟ್ಟರು. ದೀಕ್ಷೆ ಕೊಟ್ಟವರಲ್ಲಿ ಪರುಮಲದ ಮಾರ್ ಗ್ರಿಗೋರಿಯೋಸ್ ಕೂಡ ಇದ್ದರು. ಅವರನ್ನು ಆ ಸಭೆ 1947ರಲ್ಲಿ ಸಂತರೆಂದು ಘೋಷಿಸಿತು.

ಮಾಸ್ಟ್ರು ಇನ್ನೊಂದು ಹೇಳಿದರು, ನಾನು ಮೊದಲು ನಂಬಲೇ ಇಲ್ಲ. ಈ ಅಲ್ವಾರಿಸರು 1892ರ ಮೇ ತಿಂಗಳಲ್ಲಿ ಕೊಲಂಬೊಗೆ ಹೋಗಿ, ಅಮೆರಿಕದ ವಿಸ್ಕಾನ್ಸಿನ್‌ನಿಂದ ಬಂದಿದ್ದ ರೆನೆ ವಿಲಾತ್ ಎಂಬ ಪಾದ್ರಿಗೆ ಬಿಷಪ್ ದೀಕ್ಷೆ ಕೊಟ್ಟರು. ಆಮೇಲೆ ಓದಿ ನೋಡಿದೆ, ನಿಜ. ಅಮೆರಿಕ, ಯುರೋಪಿನ ಹಲವು ಸಣ್ಣ ಸ್ವತಂತ್ರ ಸಭೆಗಳು ಇವತ್ತಿಗೂ ತಮ್ಮ ಬಿಷಪರ ಸಾಲನ್ನು ಈ ವಿಲಾತ್ ಮೂಲಕ ಅಲ್ವಾರಿಸರವರೆಗೆ ಎಣಿಸುತ್ತವೆ. ಅದೇ ಅಲ್ವಾರಿಸರನ್ನು ಗೋವಾದಲ್ಲಿ ಪೋರ್ಚುಗೀಸರು ಬಂಧಿಸಿದರು. 1923ರಲ್ಲಿ ರಿಬಂದರ್‌ನಲ್ಲಿ ತೀರಿಕೊಂಡರು, ಸಮಾಧಿ ಅಲ್ಲೇ ಇದೆ.

ಬ್ರಹ್ಮಾವರದಲ್ಲಿ ಉಳಿದವರು ನೊರೊನ್ಹಾ. 1936ರಲ್ಲಿ ಸಾಯುವವರೆಗೂ, ಹತ್ತಿರಹತ್ತಿರ ಅರ್ಧ ಶತಮಾನ, ಈ ಜನರನ್ನು ಬಿಟ್ಟು ಹೋಗಲಿಲ್ಲ. ಅವರ ಸಮಾಧಿ ಈ ಇಗರ್ಜಿಯಲ್ಲಿದೆ. ಹೊರಗಿನ ಪುಸ್ತಕಗಳಲ್ಲಿ ಅಲ್ವಾರಿಸರಿಗೇ ಜಾಗ ಜಾಸ್ತಿ. ನನಗೆ ಮಾತ್ರ ನೊರೊನ್ಹಾ ದೊಡ್ಡವರಾಗಿ ಕಂಡರು. ಜಗಳ ಶುರುಮಾಡುವವರು ಬಹಳ ಜನ ಸಿಗುತ್ತಾರೆ. ಆಮೇಲೆ ಐವತ್ತು ವರ್ಷ ಮದುವೆ, ಮರಣ, ಮಕ್ಕಳ ನಾಮಕರಣ ಎಂದು ಮನೆಮನೆಗೆ ನಡೆಯುವವರು ಸಿಗುವುದು ಕಷ್ಟ.

“ಮನೆಗಳೂ ಒಡೆದವಾ?” ಎಂದು ಕೇಳಿದೆ.

“ಒಡೆಯದೆ ಇರ್ತದಾ? ನಮ್ಮ ಅಜ್ಜ ಇಲ್ಲಿ, ಅವರ ಅಣ್ಣ ಅಲ್ಲಿ. ಒಂದೇ ಅಂಗಳ, ಭಾನುವಾರ ಎರಡು ದಾರಿ. ಆದ್ರೆ ತೆನೆಹಬ್ಬಕ್ಕೆ ಹೊಸ ಅಕ್ಕಿಯ ಪಾಯಸ ಎರಡು ಮನೆಗೂ ಹೋಗ್ತಿತ್ತಂತೆ. ಗದ್ದೆ ಒಂದೇ ಅಲ್ವಾ.”

“ಪೂಜೆ? ಸಿರಿಯನ್ ಪೂಜೆ ಜನರಿಗೆ ಗೊತ್ತಿತ್ತಾ?”

“ಎಂತ ಗೊತ್ತಿರ್ತದೆ? ಲ್ಯಾಟಿನ್ ಕೇಳಿ ಬೆಳೆದವರು. ಈಗ ಕೊಂಕಣಿಯಲ್ಲೇ ನಡೆಯೋದು. ನಾಳೆ ಬೆಳಿಗ್ಗೆ ಬನ್ನಿ. ಹೇಳಿದ್ರೆ ಅರ್ಥ ಆಗೋದಲ್ಲ.”

ಅದೇ ಮಾತಿಗೆ ರಾತ್ರಿ ಅಲ್ಲೇ ಉಳಿದೆ.

ಭಾನುವಾರ ಬೆಳಿಗ್ಗೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ಗಂಡಸರು ಒಂದು ಕಡೆ, ಹೆಂಗಸರು ತಲೆಗೆ ಸೆರಗು ಹೊದ್ದು ಇನ್ನೊಂದು ಕಡೆ. ಬಹುಪಾಲು ಹೊತ್ತು ಎಲ್ಲರೂ ನಿಂತೇ ಇದ್ದರು. ಎದುರಿಗೆ ಪೀಠವನ್ನು ಮುಚ್ಚಿದ ದೊಡ್ಡ ಪರದೆ. ಪರದೆ ಸರಿದಾಗ ಗೆಜ್ಜೆ ಕಟ್ಟಿದ ಧೂಪದ ಪಾತ್ರೆ ಆಡಿಸುತ್ತಾ ಪಾದ್ರಿ ಪೂರ್ವಕ್ಕೆ ಮುಖ ಮಾಡಿ ನಿಂತಿದ್ದರು. ಮಂಗಳೂರಿನ ಇಗರ್ಜಿಗಳಲ್ಲಿ ನಾನು ನೋಡಿದ ಪೂಜೆಗಿಂತ ಎಷ್ಟು ಬೇರೆ! ಕೊಂಕಣಿ ಪ್ರಾರ್ಥನೆಯ ನಡುವೆ ‘ಬಾರೆಕ್‌ಮೋರ್’, ‘ಕುರಿಯೇಲಾಯ್ಸೋನ್’ ಎಂದು ಸಿರಿಯಾಕ್, ಗ್ರೀಕ್ ಮಾತುಗಳು ಬರುತ್ತವೆ. ಪಕ್ಕದಲ್ಲಿ ನಿಂತ ಹುಡುಗನ ಕೈಯಲ್ಲಿದ್ದ ಪ್ರಾರ್ಥನೆಯ ಪುಸ್ತಕ ಕನ್ನಡ ಲಿಪಿಯಲ್ಲಿತ್ತು. ಅಂತಿಯೋಕದ ಪೂಜೆ, ಗೋವಾದ ಮಾತು, ನಮ್ಮ ಅಕ್ಷರ. ನನಗೆ ಅಲ್ಲಿ ಗಂಟಲು ಕಟ್ಟಿತು.

ನಡುವೆ ಶಾಂತಿ ಹಂಚುವ ಕ್ರಮವಿದೆ. ಪೀಠದಿಂದ ಶಾಂತಿ ಕೈಯಿಂದ ಕೈಗೆ ಬರುತ್ತದೆ. ಒಬ್ಬರು ಎರಡೂ ಅಂಗೈಗಳಿಂದ ಪಕ್ಕದವರ ಕೈಯನ್ನು ಮುಟ್ಟುತ್ತಾರೆ, ಅವರು ಮುಂದಿನವರಿಗೆ ದಾಟಿಸುತ್ತಾರೆ. ನಾನು ಕೊನೆಯ ಸಾಲಿನಲ್ಲಿದ್ದೆ, ಅವರ ಸಭೆಯವನೂ ಅಲ್ಲ. ಆ ಹುಡುಗ ಒಂದು ಕ್ಷಣವೂ ಯೋಚಿಸದೆ ನನ್ನ ಕಡೆ ತಿರುಗಿ ಕೈ ಚಾಚಿದ. ಎಷ್ಟೋ ದೇವಸ್ಥಾನ, ಮಸೀದಿ, ಇಗರ್ಜಿ ನೋಡಿದ್ದೇನೆ. ಹೊರಗಿನವನನ್ನು ಹೀಗೆ ಸಾಲಿಗೆ ಸೇರಿಸಿಕೊಂಡದ್ದನ್ನು ಮರೆಯಲಾರೆ.

ಪೂಜೆ ಮುಗಿದ ಮೇಲೆ ಮಾಸ್ಟ್ರು ಊರು ತೋರಿಸಲು ಹೊರಟರು. ಬ್ರಹ್ಮಾವರ ಎಂದು ನಾವು ಹೇಳುವುದು ವಾರಂಬಳ್ಳಿ, ಚಾಂತಾರು, ಹಾರಾಡಿ, ಹಂದಾಡಿ ಎಂಬ ಹಳ್ಳಿಗಳು ಕೂಡಿದ ಜಾಗ. ಬಡಗುತಿಟ್ಟು ಯಕ್ಷಗಾನ ಬಲ್ಲವರಿಗೆ ಹಾರಾಡಿ ಎಂದರೆ ಸಾಕು, ಹೆಸರಾಂತ ವೇಷಧಾರಿ ರಾಮ ಗಾಣಿಗರು ನೆನಪಾಗುತ್ತಾರೆ. 2018ರಿಂದ ಇದು ತಾಲೂಕು ಕೇಂದ್ರ. ತಾಲೂಕು ಕಚೇರಿಗಿಂತ ಊರಿಗೆ ಹಳೆಯ ನಂಟು ಎಸ್‌ಎಂಎಸ್ ಶಾಲೆ, ಕಾಲೇಜುಗಳದ್ದು. ಸೇಂಟ್ ಮೇರೀಸ್ ಸಿರಿಯನ್ ಎಂಬುದೇ ಆ ಎಸ್‌ಎಂಎಸ್. ಪ್ರಾಥಮಿಕ ಶಾಲೆಯಿಂದ ಪದವಿಯವರೆಗೆ ಇಗರ್ಜಿಯ ಆಡಳಿತ. ಕಲಿಯುವವರಲ್ಲಿ ಬಂಟರು, ಬಿಲ್ಲವರು, ಮೊಗವೀರರು, ಮುಸ್ಲಿಮರು, ಎಲ್ಲರೂ ಇದ್ದಾರೆ. ಗೇಟಿನ ಎದುರು ಬೈಕ್ ನಿಲ್ಲಿಸಿದ ಯುವಕನೊಬ್ಬ ಮಾಸ್ಟ್ರ ಕಾಲು ಮುಟ್ಟಿದ. ಹೋದಮೇಲೆ ಮಾಸ್ಟ್ರು, “ಇವನ ಅಪ್ಪನಿಗೂ ನಾನೇ ಲೆಕ್ಕ ಹೇಳಿದ್ದು,” ಎಂದರು.

ಬಿಷಪ್ ಯಾರು ಎಂಬ ಜಗಳದಿಂದ ಹುಟ್ಟಿದ ಸಣ್ಣ ಸಮುದಾಯ ಅದು. ತನ್ನಷ್ಟಕ್ಕೆ ಬಾಗಿಲು ಹಾಕಿಕೊಂಡು ಕೂರಬಹುದಿತ್ತು. ಶಾಲೆ ತೆರೆದು ಇಡೀ ಊರನ್ನು ಒಳಗೆ ಕರೆಯಿತು. ಅಲ್ಲಿಗೆ ಹೋದ ಮೇಲೆ ನನಗೆ ಅತಿ ಮುಖ್ಯ ಎನಿಸಿದ್ದು ಇದೇ.

ಎಲ್ಲ ಸಂಸ್ಥೆಗಳಿಗೂ ಆ ಭಾಗ್ಯ ಸಿಗಲಿಲ್ಲ. ದಕ್ಷಿಣ ಕನ್ನಡ ಸಹಕಾರಿ ಸಕ್ಕರೆ ಕಾರ್ಖಾನೆ ಇಲ್ಲೇ ಇತ್ತು. ವಾರಾಹಿ ನದಿಯ ನೀರು ಬರುತ್ತದೆ, ಕಬ್ಬು ಬೆಳೆಯುತ್ತಾರೆ ಎಂಬ ಭರವಸೆಯಲ್ಲಿ ರೈತರು ಷೇರು ಹಾಕಿದ್ದರು. ನೀರಾವರಿ ಯೋಜನೆ ವರ್ಷಗಟ್ಟಲೆ ತಡವಾಯಿತು, ಕಬ್ಬು ಸಾಲಲಿಲ್ಲ, ಕಾರ್ಖಾನೆ ಮುಚ್ಚಿ ಎರಡು ದಶಕವಾಯಿತು. ಅದರ ಮಾತು ಬಂದಾಗ ಮಾಸ್ಟ್ರು ಬೇರೆ ಕಡೆ ನೋಡಿದರು. ನಾನೂ ಹೆಚ್ಚು ಕೇಳಲಿಲ್ಲ.

ಹಿಂತಿರುಗುವಾಗ ಕಲ್ಯಾಣಪುರದಲ್ಲಿ ಇಳಿದೆ. ಜಗಳದ ಇನ್ನೊಂದು ಕಡೆಯನ್ನೂ ನೋಡಬೇಕಿತ್ತು. ಅಲ್ಲಿನ ಮಿಲಾಗ್ರಿಸ್ ಇಗರ್ಜಿ 1678ರದ್ದು, ಕರಾವಳಿಯ ಹಳೆಯ ಇಗರ್ಜಿಗಳಲ್ಲಿ ಒಂದು. 2012ರಲ್ಲಿ ಮಂಗಳೂರಿನಿಂದ ಉಡುಪಿ ಧರ್ಮಪ್ರಾಂತ್ಯ ಬೇರೆಯಾದಾಗ ಅದು ಕೆಥೆಡ್ರಲ್, ಅಂದರೆ ಬಿಷಪರ ಮುಖ್ಯ ಇಗರ್ಜಿ, ಆಯಿತು. ಅದಕ್ಕೆ ಎರಡು ವರ್ಷ ಮೊದಲು, 2010ರಲ್ಲಿ, ಮಲಂಕರ ಓರ್ಥೊಡೊಕ್ಸ್ ಸಭೆ ಬ್ರಹ್ಮಾವರವನ್ನೇ ಹೊಸ ಧರ್ಮಪ್ರಾಂತ್ಯ ಮಾಡಿತ್ತು. ಹೀಗಾಗಿ ಕೆಲವೇ ಕಿಲೋಮೀಟರ್ ಅಂತರದಲ್ಲಿ ಒಂದು ಕಾಲದ ಅಣ್ಣತಮ್ಮಂದಿರಿಗೆ ಎರಡು ಕೆಥೆಡ್ರಲ್, ಇಬ್ಬರು ಬಿಷಪರು. ಮಿಲಾಗ್ರಿಸ್‌ನವರಿಗೂ ಶಾಲೆ, ಕಾಲೇಜು ಇವೆ.

ಹೋಗುವವರು ಎರಡನ್ನೂ ಒಂದೇ ಭಾನುವಾರ ನೋಡಿ. ಬ್ರಹ್ಮಾವರದ ಪೂಜೆಗೆ ಬೆಳಿಗ್ಗೆ ಬೇಗನೆ ಹೋಗಿ, ಅದು ಉದ್ದವಿದೆ. ನಡುವೆ ಎದ್ದು ಹೊರಟರೆ ಶಾಂತಿ ನಿಮ್ಮ ಸಾಲಿಗೆ ಬರುವುದಿಲ್ಲ. ಮೊದಲೇ ಏನಾದರೂ ತಿಂದುಕೊಳ್ಳಿ. ಇಗರ್ಜಿಯ ಅಂಗಳದಲ್ಲಿ ವಯಸ್ಸಾದವರು ಯಾರಾದರೂ ಕೂತಿದ್ದರೆ ನೊರೊನ್ಹಾ ಪಾದ್ರಿಯ ಬಗ್ಗೆ ಕೇಳಿ. ಸಂಜೆಯ ಬಸ್ಸಿಗೆ ಅವಸರ ಇಲ್ಲದಿದ್ದರೆ ಮಾತ್ರ ಕೇಳಿ.