ಎರಡು ದೀಪ, ಒಂದೇ ಸೆನ್ಸರ್
ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೊರಟಿದ್ವಿ. ಹಳೇ ಕಾರಲ್ಲಿ ಎಬಿಎಸ್ (ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋದು), ಟ್ರ್ಯಾಕ್ಷನ್ ಕಂಟ್ರೋಲ್ (ಎಕ್ಸಲರೇಟರ್ ಒತ್ತಿದಾಗ ಚಕ್ರ ಜಾರಿ ಸುಮ್ನೆ ತಿರುಗದ ಹಾಗೆ ತಡೆಯೋದು) ದೀಪ ಒಟ್ಟಿಗೇ ಹತ್ತಿದವು. ಎರಡಕ್ಕೂ ಸುದ್ದಿ ಮುಟ್ಟಿಸೋದು ಚಕ್ರದ ಅದೇ ಸ್ಪೀಡ್ ಸೆನ್ಸರ್. ಕೆಂಪು ಬ್ರೇಕ್ ದೀಪ ಹತ್ತಿರಲಿಲ್ಲ, ಅಂದ್ರೆ ಮಾಮೂಲಿ ಬ್ರೇಕ್ ಹಿಡಿಯುತ್ತೆ. ಆದ್ರೆ ಒದ್ದೆ ರಸ್ತೇಲಿ ಜೋರಾಗಿ ತುಳಿದ್ರೆ ಚಕ್ರ ಲಾಕ್ ಆಗಿ ಜಾರಬಹುದು. ಘಾಟಿ ಸಹವಾಸ ಬೇಡ ಅಂತ ನಿಧಾನಕ್ಕೆ ಶಿವಮೊಗ್ಗಕ್ಕೇ ತಿರುಗಿಸಿದ್ವಿ.

ಕಾರಿನ ದೋಷದ ಕೋಡ್ ಓದೋ ಅಗ್ಗದ ಸ್ಕ್ಯಾನರ್‌ಗಳು ಎಷ್ಟೋ ಸಲ ಇಂಜಿನ್ ಕೋಡ್ ಮಾತ್ರ ಓದ್ತವೆ. ಇದಕ್ಕೆ ‘ಸಿ’ಯಿಂದ ಶುರುವಾಗೋ ಕೋಡ್ ಓದುವಂಥದ್ದೇ ಬೇಕು. ಮೆಕ್ಯಾನಿಕ್ ಹಿಂದಿನ ಎಡಚಕ್ರ ಬಿಚ್ಚಿ ತೋರಿಸಿದ: ಸೆನ್ಸರ್ ಅಯಸ್ಕಾಂತಕ್ಕೆ ಮೀಸೆ ಬಂದ ಹಾಗೆ ಕಬ್ಬಿಣದ ಪುಡಿ, ಚಕ್ರದ ಜೊತೆ ತಿರುಗೋ, ಸೆನ್ಸರ್ ವೇಗ ಅಳೆಯೋ ಹಲ್ಲಿನ ರಿಂಗಿಗೆ ತುಕ್ಕು. ನಮ್ಮ ಮಳೆಗೆ ಇನ್ನೇನಾಗುತ್ತೆ! ಒರೆಸಿ, ಉಜ್ಜಿ ಕೂರಿಸಿದ ಮೇಲೆ ಸ್ವಲ್ಪ ಓಡಿಸಿದ್ದಕ್ಕೆ ಎರಡೂ ಆರಿದವು. ವೈರು, ಕನೆಕ್ಟರ್ ಕೂಡ ನೋಡದೆ ‘ಮಾಡ್ಯೂಲೇ (ಎಬಿಎಸ್ ನಡೆಸೋ ಕಂಪ್ಯೂಟರ್) ಹೋಗಿದೆ’ ಅನ್ನೋರನ್ನ ನಾನಂತೂ ನಂಬಲ್ಲ.