ಸ್ಪೈಸ್ ಗರ್ಲ್ಸ್ ಅಂದ್ರೆ ಮ್ಯಾನೇಜರ್ ಜೋಡಿಸಿದ ಗುಂಪಲ್ವಾ ಅಂತ ಕೇಳೋರಿಗೆ

ನಮ್ಮ ಬೆಂಗ್ಳೂರು ಮೊದಲಿಂದ ರಾಕ್ ಊರು. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬ್ಯಾಂಡ್ ಬಂದಾಗ, ಎರಡು ಸಲಾನೂ ಪ್ಯಾಲೇಸ್ ಗ್ರೌಂಡ್ಸ್‌ಗೆ ಜನ ಹೇಗೆ ನುಗ್ಗಿದ್ರು ಅಂತ ನೋಡಿದೋರಿಗೆ ಗೊತ್ತು. ಇಂಥ ಊರಲ್ಲಿ ಕೂತ್ಕೊಂಡು ನನ್ನ ಫೇವರಿಟ್ ಆಲ್ಬಮ್ ಬ್ರಿಟನ್‌ನ ಐದು ಹುಡ್ಗೀರ ಪಾಪ್ ಗುಂಪು ಸ್ಪೈಸ್ ಗರ್ಲ್ಸ್‌ದು ಮೊದಲನೇ ಆಲ್ಬಮ್, 1996ರ 'ಸ್ಪೈಸ್' ಅಂದ್ರೆ ಫ್ರೆಂಡ್ಸ್ ಎಲ್ಲಾ ಕೇಳೋದು ಒಂದೇ: "ಅಲ್ಲ ಕಣೇ, ಯಾರೋ ಆಡಿಷನ್ ಮಾಡಿ ಸೇರಿಸಿದ ಹುಡ್ಗೀರು, ಅದ್ರಲ್ಲಿ ಅವ್ರದ್ದು ಅಂತ ಏನಿದೆ?"

ಆಡಿಷನ್ ನಡೆದಿದ್ದು ನಿಜ. 1994ರಲ್ಲಿ ಬಾಬ್ ಹರ್ಬರ್ಟ್, ಕ್ರಿಸ್ ಹರ್ಬರ್ಟ್ ಅಂತ ಅಪ್ಪ ಮಗ ಮ್ಯಾನೇಜರ್‌ಗಳು 'ದಿ ಸ್ಟೇಜ್' ಅನ್ನೋ ಪತ್ರಿಕೇಲಿ ಜಾಹೀರಾತು ಹಾಕ್ಸಿದ್ರು, ನೂರಾರು ಹುಡ್ಗೀರು ಬಂದ್ರು, ಐದು ಜನ ಆಯ್ಕೆ ಆದ್ರು, ಅದ್ರಲ್ಲಿ ಒಬ್ಬಳು ಹೋದ್ಮೇಲೆ ಎಮ್ಮಾ ಬಂಟನ್ ಬಂದ್ಲು. ಆದ್ರೆ ಮೆಟಾಲಿಕಾನೂ ಹುಟ್ಟಿದ್ದು ಜಾಹೀರಾತಿಂದಾನೇ ಅಲ್ವಾ, 1981ರಲ್ಲಿ ಲಾರ್ಸ್ ಉಲ್ರಿಚ್ ಪೇಪರ್‌ನಲ್ಲಿ ಹಾಕ್ಸಿದ್ದು ನೋಡಿ ತಾನೇ ಜೇಮ್ಸ್ ಹೆಟ್‌ಫೀಲ್ಡ್ ಸಿಕ್ಕಿದ್ದು. ಅಲ್ಲಿ ಹಾಕ್ಸಿದ್ದು ಡ್ರಮ್ಮರ್, ಇಲ್ಲಿ ಮ್ಯಾನೇಜರ್, ಆ ವ್ಯತ್ಯಾಸ ಇದೆ, ಒಪ್ತೀನಿ.

ಆದ್ರೆ ಕಥೆ ಅಲ್ಲಿಗೆ ಮುಗಿಯಲ್ವಲ್ಲ! 1995ರಲ್ಲಿ ಈ ಐದೂ ಜನ ಮಾತಾಡ್ಕೊಂಡು ಆ ಮ್ಯಾನೇಜರ್‌ಗಳನ್ನೇ ಬಿಟ್ಟು ಹೊರಟ್ರು. ಕೈಲಿ ದುಡ್ಡಿಲ್ಲ, ರೆಕಾರ್ಡ್ ಕಂಪನಿ ಇಲ್ಲ, ಶೆಫೀಲ್ಡ್‌ನಲ್ಲಿದ್ದ ಎಲಿಯಟ್ ಕೆನಡಿ ಅನ್ನೋ ಹಾಡು ಬರೆಯೋನನ್ನ ತಾವೇ ಹುಡುಕ್ಕೊಂಡು ಹೋಗಿ ಕೆಲಸ ಶುರು ಮಾಡಿದ್ರು, ಹೊಸ ಮ್ಯಾನೇಜರ್ ಸೈಮನ್ ಫುಲ್ಲರ್, ರೆಕಾರ್ಡ್ ಕಂಪನಿ ವರ್ಜಿನ್ ರೆಕಾರ್ಡ್ಸ್ ಎಲ್ಲಾ ಬಂದಿದ್ದು ಆಮೇಲೆ. ಹತ್ತೊಂಬತ್ತರಿಂದ ಇಪ್ಪತ್ತೆರಡರ ವಯಸ್ಸಿನ ಹುಡ್ಗೀರಿಗೆ ಎಷ್ಟು ಧೈರ್ಯ ಬೇಕು ಇದಕ್ಕೆ, ಯೋಚ್ನೆ ಮಾಡಿ.

ಆಲ್ಬಮ್‌ನಲ್ಲಿ ಹತ್ತು ಹಾಡು, ಹತ್ತರಲ್ಲೂ ಹಾಡು ಬರೆದೋರು ಅಂತ ಪ್ರೊಡ್ಯೂಸರ್‌ಗಳ ಜೊತೆ ಇವರ ಹೆಸರೂ ಇದೆ. ಯಾರು ಎಷ್ಟು ಸಾಲು ಬರೆದ್ರು ಅಂತ ಲೆಕ್ಕ ಹಾಕ್ದೆ ತಮ್ಮ ಪಾಲನ್ನ ಐದು ಜನ ಸಮ ಹಂಚ್ಕೊಂಡ್ರು, ನನಗಂತೂ ಈ ವಿಷ್ಯ ತುಂಬಾ ಇಷ್ಟ. 'ವಾನಬಿ' ಮೊದಲ ಸಿಂಗಲ್ ಆಗೋದು ಕಂಪನಿಯೋರಿಗೆ ಇಷ್ಟ ಇರ್ಲಿಲ್ಲ, ಬೇರೆ ಹಾಡು ಬಿಡೋಣ ಅಂದ್ರು, ಇವರು ಹಟ ಹಿಡಿದ್ರು, ಅದು ಬ್ರಿಟನ್‌ನಲ್ಲಿ 7 ವಾರ ನಂಬರ್ ಒನ್, 1997ರ ಫೆಬ್ರವರೀಲಿ ಅಮೆರಿಕಾದಲ್ಲೂ ನಂಬರ್ ಒನ್. 'ಟು ಬಿಕಮ್ ಒನ್' ಅಂಥ ಮೆತ್ತನೆ ಪ್ರೇಮಗೀತೆ ಮಧ್ಯೆ ಕಾಂಡೋಮ್ ಹಾಕ್ಕೋ ಅಂತ ಹುಡ್ಗಿ ಹೇಳ್ತಾಳೆ, ಅದೂ ಬ್ರಿಟನ್‌ನಲ್ಲಿ 1996ರ ಕ್ರಿಸ್‌ಮಸ್ ನಂಬರ್ ಒನ್ ಹಾಡಲ್ಲಿ. ನಮ್ಮ ಮನೆಗಳಲ್ಲಿ ಯಾರೂ ಬಾಯಿ ಬಿಡದ ವಿಷ್ಯಾನ ಟಿವಿ ಮುಂದೆ ಕೂತ ನಮ್ಮಂಥ ಹುಡ್ಗೀರಿಗೆ ಅಷ್ಟು ಸಹಜವಾಗಿ ಹೇಳಿದ್ದು ಅವರೇ.

ಕೊನೇ ಹಾಡು 'ಇಫ್ ಯು ಕಾಂಟ್ ಡಾನ್ಸ್' ಸ್ವಲ್ಪ ಸಪ್ಪೆ. ಅದು ಬಿಟ್ಟಾಕಿ. 'ಸೇ ಯು ವಿಲ್ ಬಿ ದೇರ್' ಹಾಕ್ಕೊಳಿ, ಹೆಡ್‌ಫೋನ್‌ನಲ್ಲೇ ಕೇಳಿ, ಜಡ್ ಲ್ಯಾಂಡರ್ ನುಡಿಸಿರೋ ಹಾರ್ಮೋನಿಕಾ ಬರುತ್ತೆ, ಆಮೇಲೆ ಉಳಿದೋರೆಲ್ಲಾ ಪಲ್ಲವಿ ಹಾಡ್ತಿರೋವಾಗ ಮೆಲನೀ ಸಿ ಒಬ್ಬಳೇ ಮೇಲಿನ ಸ್ವರಕ್ಕೆ ಹೋಗ್ತಾಳಲ್ಲ, ಆ ದನಿ ಕೇಳಿ ಆಮೇಲೆ ನನ್ನ ಜೊತೆ ವಾದಕ್ಕೆ ಬನ್ನಿ.